ಅವರು ರಾಜಿಯಾದರು, ನೀವು ಆಗಬೇಡಿ: ಬಳ್ಳಾರಿಯಿಂದ ವೈದ್ಯಕೀಯ ಪರಿಷತ್ತಿಗೆ ಒಂದು ಪತ್ರ

ಕರ್ನಾಟಕ ವೈದ್ಯಕೀಯ ಪರಿಷತ್ತಿನ ಅಧ್ಯಕ್ಷರು ಮತ್ತು ಸದಸ್ಯರಿಗೆ,
ಹಾಗೆಯೇ ಬಳ್ಳಾರಿಯ ಜಿಲ್ಲಾಧಿಕಾರಿಗಳು ಮತ್ತು ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ,

ನಮಸ್ಕಾರ.

ನಾನು ಬಳ್ಳಾರಿಯಲ್ಲಿ 22 ವರ್ಷದಿಂದ ಬ್ಯೂಟಿ ಪಾರ್ಲರ್ ನಡೆಸುತ್ತಿದ್ದೇನೆ. ಡಾಕ್ಟರಲ್ಲ, ವಕೀಲಳೂ ಅಲ್ಲ. ಐಬ್ರೋ, ಫೇಶಿಯಲ್, ಮದುಮಗಳ ಮೇಕಪ್, ಇಷ್ಟೇ ನನಗೆ ಗೊತ್ತಿರುವ ಕೆಲಸ. ನಿಜ ಹೇಳಬೇಕೆಂದರೆ ಈ ಪತ್ರವನ್ನು ನಾನು ಬರೆಯಬೇಕಾಗಿರಲಿಲ್ಲ. ಬರೆಯಬೇಕಾದವರು, ಅಂದರೆ ಒಂದು ಸ್ಕಿನ್ ಕ್ಲಿನಿಕ್ಕಿನಲ್ಲಿ ಮುಖ ಸುಟ್ಟುಕೊಂಡ ಹುಡುಗಿಯ ಮನೆಯವರು, 100 ರೂಪಾಯಿಯ ಬಾಂಡ್ ಪೇಪರಿನ ಮೇಲೆ ಸಹಿ ಹಾಕಿಬಿಟ್ಟಿದ್ದಾರೆ. ಮುಂದೆ ಯಾವ ಕಚೇರಿಗೂ ದೂರು ಕೊಡುವುದಿಲ್ಲ ಎಂದು ಅದರಲ್ಲಿ ಬರೆದಿದೆ. ನಾನು ಯಾವುದಕ್ಕೂ ಸಹಿ ಹಾಕಿಲ್ಲ. ಅದಕ್ಕೇ ನಾನು ಬರೆಯುತ್ತಿದ್ದೇನೆ.

ಆ ಹುಡುಗಿ ನನಗೆ ಹೈಸ್ಕೂಲಿನಿಂದ ಗೊತ್ತು. ಮೊದಲ ಸಲ ಹುಬ್ಬು ತೀಡಿಸಿಕೊಂಡಿದ್ದು ನನ್ನ ಕುರ್ಚಿಯಲ್ಲೇ. ದಾರ ತಾಗಿದ ಕೂಡಲೇ ಕಣ್ಣಲ್ಲಿ ನೀರು ಬಂದು, ಅಳುತ್ತಲೇ ನಕ್ಕಿದ್ದಳು. ಈಗ ಒಂದು ಜೀನ್ಸ್ ಯೂನಿಟ್‌ನಲ್ಲಿ ಲೆಕ್ಕ ಬರೆಯುತ್ತಾಳೆ. ಕಳೆದ ಬೇಸಿಗೆಯಲ್ಲಿ ಮದುವೆ ಗೊತ್ತಾಯಿತು. ಗಂಡಿನ ಕಡೆಯ ಯಾರೋ ಹಿರಿಯರು, ಹುಡುಗಿ ಎಲ್ಲಾ ಸರಿ, ಬಣ್ಣ ಒಂಚೂರು ಕಮ್ಮಿ ಅಂದರಂತೆ. ಅವಳು ಮನೆಯಲ್ಲಿ ಏನೂ ಹೇಳಲಿಲ್ಲ. ತಾನು ಕೂಡಿಟ್ಟಿದ್ದ 18,000 ರೂಪಾಯಿ ತೆಗೆದುಕೊಂಡು ಊರಿನ ಒಂದು ಸ್ಕಿನ್ ಕ್ಲಿನಿಕ್ಕಿಗೆ ಹೋದಳು. ಮದುಮಗಳಿಗೆಂದೇ ಪ್ಯಾಕೇಜ್, ನಾಲ್ಕು ಸಿಟ್ಟಿಂಗ್ ಪೀಲ್, ಅಂದರೆ ಆಸಿಡ್ ಹಚ್ಚಿ ಚರ್ಮದ ಮೇಲ್ಪದರ ಸುಲಿಸುವುದು. ನನ್ನ ಹತ್ತಿರ ಬರದೆ ಅಲ್ಲಿಗೆ ಹೋಗಿದ್ದಕ್ಕೆ ಕಾರಣವನ್ನೂ ಆಮೇಲೆ ಹೇಳಿದಳು: "ಅಲ್ಲಿ ಡಾಕ್ಟರ್ ಇದಾರಲ್ಲ ಅಕ್ಕಾ, ಅದಕ್ಕೆ ಧೈರ್ಯ."

ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಅವಳು ಮೋಸ ಹೋದದ್ದು ನಕಲಿ ವೈದ್ಯರ ಕೈಯಲ್ಲಲ್ಲ. ನಿಮ್ಮ ವೈದ್ಯರ ನೋಂದಣಿ ಪಟ್ಟಿಯಲ್ಲಿ ಹೆಸರಿರುವವರ ಕೈಯಲ್ಲಿ.

ಎರಡನೇ ಸಿಟ್ಟಿಂಗ್ ಆದ ಮಾರನೇ ದಿನ ಬೆಳಿಗ್ಗೆ, ನಾನಿನ್ನೂ ಶಟರ್ ಎತ್ತುತ್ತಿದ್ದೆ, ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು ಬಂದು ನಿಂತಳು. "ಮುಖ ಉರೀತೈತೆ ಅಕ್ಕಾ" ಅಂದಳು. ದುಪಟ್ಟಾ ತೆಗೆದಾಗ ನನ್ನ ಕೈ ನಡುಗಿತು. ಎರಡೂ ಕೆನ್ನೆ ಊದಿತ್ತು. ಬಲಗೆನ್ನೆಯಲ್ಲಿ ನೀರು ತುಂಬಿದ ಗುಳ್ಳೆ. ಗದ್ದದ ಮೇಲೆ ಚರ್ಮ ಸುಲಿದು, ಒಲೆಯ ಮೇಲಿನ ಹಾಲಿನ ಕೆನೆ ಮಡಚಿಕೊಂಡ ಹಾಗೆ ಒಂದು ಕಡೆ ಸುರುಳಿಯಾಗಿತ್ತು. ಕಣ್ಣಿನ ಕೆಳಗೆ ಒಂದು ಗೆರೆ ಎಳೆದ ಹಾಗೆ ಸುಟ್ಟಿತ್ತು. ಹಚ್ಚಿದ್ದು ಸೋರಿ ಅಲ್ಲಿಗೆ ಬಂದಿರಬೇಕು. ರಾತ್ರಿಯೆಲ್ಲಾ ಕ್ಲಿನಿಕ್ಕಿಗೆ ಫೋನ್ ಮಾಡಿದ್ದಾಳೆ. ವಾಟ್ಸಾಪ್‌ನಲ್ಲಿ ಒಂದೇ ಉತ್ತರ: ನಾರ್ಮಲ್, ಐಸ್ ಇಡಿ.

ಇಲ್ಲಿ ನನ್ನದೂ ಒಂದು ಮಾತು ಹೇಳಲೇಬೇಕು. ಅದಕ್ಕೆ ಮೂರು ದಿನ ಮೊದಲು ಅವಳ ಮುಖಕ್ಕೆ ಬ್ಲೀಚ್ ಮಾಡಿದವಳು ನಾನೇ. ಬ್ಲೀಚ್ ಮಾಡಿದ ಚರ್ಮಕ್ಕೆ ಕೂಡಲೇ ಪೀಲ್ ಹಚ್ಚಬಾರದು, ಆಸಿಡ್ ಹೆಚ್ಚು ಒಳಗಿಳಿಯುತ್ತದೆ. ಇದು ನಮ್ಮಂಥ ಪಾರ್ಲರ್‌ನವರಿಗೂ ಗೊತ್ತಿರುವ ವಿಷಯ. ಅವಳು ಪೀಲ್ ಮಾಡಿಸಿಕೊಳ್ಳುತ್ತಿದ್ದಾಳೆಂದು ನನಗೆ ಗೊತ್ತಿರಲಿಲ್ಲ, ನಾನೂ ಕೇಳಲಿಲ್ಲ. ಅಂದಿನಿಂದ ಎಲ್ಲರನ್ನೂ ಕೇಳುತ್ತೇನೆ. ಆದರೆ ಆಸಿಡ್ ಬಾಟಲಿ ಕೈಯಲ್ಲಿ ಹಿಡಿದವರು ಕೇಳಬೇಕಿತ್ತು ಅಲ್ವಾ? ವಾರದೊಳಗೆ ಬ್ಲೀಚ್, ವ್ಯಾಕ್ಸಿಂಗ್ ಏನಾದರೂ ಮಾಡಿಸಿದ್ದೀರಾ, ಮೊಡವೆಗೆ ಮಾತ್ರೆ ತಗೊಳ್ತೀರಾ, ಬಿಸಿಲಲ್ಲಿ ಓಡಾಡುವ ಕೆಲಸವಾ? ಕೂದಲಿಗೆ ಬಣ್ಣ ಹಚ್ಚುವ ಮೊದಲು ನಾನು ಕಿವಿಯ ಹಿಂದೆ ಒಂದು ಚುಕ್ಕಿ ಹಚ್ಚಿ ಎರಡು ದಿನ ಕಾಯುತ್ತೇನೆ. ಅಷ್ಟು ಕೂಡ ಅಲ್ಲಿ ಆಗಲಿಲ್ಲ. ಪೀಲ್ ಹಚ್ಚಿದ್ದು ಡಾಕ್ಟರೂ ಅಲ್ಲ, ಕೆಲಸದ ಹುಡುಗಿ. ಡಾಕ್ಟರು ಆ ಹೊತ್ತಿಗೆ ಆ ಕೋಣೆಯಲ್ಲೇ ಇರಲಿಲ್ಲ.

ನಾನೇ ಅವಳನ್ನು ಸರ್ಕಾರಿ ಆಸ್ಪತ್ರೆಯ ಚರ್ಮದ ವಿಭಾಗಕ್ಕೆ ಕರೆದುಕೊಂಡು ಹೋದೆ. ಅಲ್ಲಿನ ವೈದ್ಯೆ ಬೈಯಲಿಲ್ಲ, ಗಾಬರಿ ಮಾಡಲಿಲ್ಲ. ಮೊದಲು ಅವಳ ಕೈ ಹಿಡಿದು ಕೂರಿಸಿದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: ಏನು ಹಚ್ಚಿದ್ದರು, ಎಷ್ಟು ಪರ್ಸೆಂಟ್? ನಮಗೆ ಗೊತ್ತಿರಲಿಲ್ಲ. ಗ್ಲೈಕೋಲಿಕ್ ಆಸಿಡ್ ಆದರೆ ಗಡಿಯಾರ ನೋಡುತ್ತಾ ಪಕ್ಕದಲ್ಲೇ ನಿಂತು, ಹೊತ್ತಿಗೆ ಸರಿಯಾಗಿ ಅದರ ಕೆಲಸ ನಿಲ್ಲಿಸಬೇಕಂತೆ. ಟಿಸಿಎ ಎಂಬ ಇನ್ನೊಂದು ಆಸಿಡ್ ಆದರೆ ಹಾಗೆ ತೊಳೆದು ನಿಲ್ಲಿಸಲು ಬರುವುದಿಲ್ಲ. ಚರ್ಮ ಬೆಳ್ಳಗಾಗುವುದನ್ನು ನೋಡಿಯೇ ಎಷ್ಟು ಆಳಕ್ಕೆ ಇಳಿದಿದೆ ಎಂದು ತಿಳಿಯಬೇಕು, ಅದಕ್ಕೆ ಪಳಗಿದ ಕಣ್ಣು ಬೇಕು. ನಮ್ಮಂಥ ಕಂದು ಬಣ್ಣದ ಚರ್ಮ ಸುಟ್ಟರೆ ಗಾಯ ಮಾಯ್ದ ಮೇಲೂ ಕಪ್ಪು ಉಳಿಯುತ್ತದೆ. ಬಿಳಿ ಚರ್ಮದವರಿಗಿಂತ ನಮಗೆ ಈ ತೊಂದರೆ ಜಾಸ್ತಿ. ಅದರ ಮೇಲೆ ಬಳ್ಳಾರಿಯ ಬಿಸಿಲು ನಿಮಗೂ ಗೊತ್ತು. ಏಪ್ರಿಲ್‌ನಲ್ಲಿ ಬೆಳಿಗ್ಗೆ ಹತ್ತಕ್ಕೇ ರಸ್ತೆ ಕಾದಿರುತ್ತದೆ. ಅಂಥ ಊರಲ್ಲಿ, ಅಂಥ ತಿಂಗಳಲ್ಲಿ, ದಿನಾ ಬಸ್ಸಿಗೆ ಕಾಯುವ ಹುಡುಗಿಗೆ ಪೀಲ್ ಮಾಡಿ, ಬರೀ ಒಂದು ಸ್ಯಾಚೆಟ್ ಸನ್‌ಸ್ಕ್ರೀನ್ ಕೊಟ್ಟು ಕಳಿಸಿದ್ದರು. ಬಿಳಿ ಮಾಡಿಸಿಕೊಳ್ಳಲು ಹೋದವಳ ಎರಡು ಕೆನ್ನೆಯ ಮೇಲೂ ಇವತ್ತಿಗೂ ಬಂಗು ಬಂದ ಹಾಗೆ ಕಪ್ಪು ಪಟ್ಟೆ ಇದೆ.

ಏನು ಹಚ್ಚಿದ್ದರು ಎಂದು ತಿಳಿಯಲು ಅವಳ ಅಣ್ಣನ ಜೊತೆ ನಾನೂ ಕ್ಲಿನಿಕ್ಕಿಗೆ ಹೋದೆ. ರೋಗಿ ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂದು ವೈದ್ಯರ ನಡವಳಿಕೆಯ 2002ರ ನಿಯಮಗಳೇ ಹೇಳುತ್ತವೆ. ಅದು ಆಗ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಏನು ಬರುತ್ತಿತ್ತೋ. ಅವರ ಬಳಿ ಇದ್ದದ್ದು ಒಂದು ಬಿಲ್ಲು. ಪ್ಯಾಕೇಜಿನ ಹೆಸರು, ಮೊತ್ತ, ಕೆಳಗೆ ಹಣ ವಾಪಸ್ ಇಲ್ಲ ಎಂಬ ಸಾಲು. ಡಾಕ್ಟರ ಹೆಸರಿಲ್ಲ. ನೋಂದಣಿ ಸಂಖ್ಯೆಯನ್ನು ಕ್ಲಿನಿಕ್ಕಿನಲ್ಲಿ ಕಾಣುವಂತೆ ಹಾಕಿ, ಚೀಟಿಯಲ್ಲೂ ರಸೀದಿಯಲ್ಲೂ ಬರೆಯಬೇಕೆಂದು ಅದೇ ನಿಯಮಗಳಲ್ಲಿದೆ. ಅದೂ ಇಲ್ಲ. ಅವಳು ಸಹಿ ಹಾಕಿದ ಒಪ್ಪಿಗೆ ಪತ್ರ ಮಾತ್ರ ಭದ್ರವಾಗಿತ್ತು, ನಾಲ್ಕು ಪುಟ, ಪೂರ್ತಿ ಇಂಗ್ಲಿಷ್‌ನಲ್ಲಿ. ಕನ್ನಡ ಮೀಡಿಯಂನಲ್ಲಿ ಓದಿದ ಹುಡುಗಿ ಅದು. ಈ ಊರಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ನಡೆಯುತ್ತವೆ. ಒಂದರಲ್ಲಾದರೂ ಬಾಯಿಬಿಟ್ಟು ಹೇಳಬಹುದಿತ್ತು.

ರಿಸೆಪ್ಷನ್ನಿನ ಹಿಂದಿನ ಗೋಡೆಯಲ್ಲಿ ಚೌಕಟ್ಟು ಹಾಕಿದ ಸರ್ಟಿಫಿಕೇಟುಗಳು ಸಾಲಾಗಿದ್ದವು. ಅವಳ ಅಣ್ಣ ಮಾತಾಡುತ್ತಿದ್ದಾಗ ನಾನು ಎದ್ದು ಹೋಗಿ ಒಂದೊಂದಾಗಿ ಓದಿದೆ. ಒಂದು ಎಂಬಿಬಿಎಸ್. ಉಳಿದದ್ದೆಲ್ಲಾ ಎರಡು ದಿನದ, ಮೂರು ದಿನದ ಟ್ರೈನಿಂಗ್. ಹೋಟೆಲಿನಲ್ಲಿ ನಡೆಯುವ ಇಂಥ ಟ್ರೈನಿಂಗುಗಳಿಗೆ ನಾನೂ ಹೋಗಿದ್ದೇನೆ, ಮೇಕಪ್ಪಿಗೆ. ಕಂಪನಿಯವರು ಊಟ ಹಾಕುತ್ತಾರೆ, ಒಬ್ಬ ಮಾಡೆಲ್ ಮೇಲೆ ಮಾಡಿ ತೋರಿಸುತ್ತಾರೆ, ಸಂಜೆಗೆ ಎಲ್ಲರಿಗೂ ಸರ್ಟಿಫಿಕೇಟು. ಮೇಕಪ್ ಕೆಟ್ಟರೆ ತೊಳೆಯಬಹುದು.

ವರ್ಕ್‌ಶಾಪಿನಲ್ಲಿ ನೋಡಿದ್ದು, ಯೂಟ್ಯೂಬಿನಲ್ಲಿ ನೋಡಿದ್ದು ಸೌಂದರ್ಯ ಚಿಕಿತ್ಸೆಗೆ ಮತ್ತು ಕೂದಲು ಕಸಿಗೆ ತರಬೇತಿ ಆಗುವುದಿಲ್ಲ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರ ಸೆಪ್ಟೆಂಬರ್‌ನಲ್ಲೇ ಹೇಳಿದೆ. ಓದಿರದ ವಿಭಾಗದಲ್ಲಿ ತಾನು ತಜ್ಞ ಎಂದು ಹೇಳಿಕೊಳ್ಳಬಾರದೆಂದು 2002ರ ನಿಯಮಗಳು ಹೇಳುತ್ತವೆ. ಆದರೂ ಬೋರ್ಡಿನ ಮೇಲೆ ಕಾಸ್ಮೆಟಾಲಜಿಸ್ಟ್, ಏಸ್ತೆಟಿಕ್ ಎಕ್ಸ್‌ಪರ್ಟ್ ಎಂದೆಲ್ಲಾ ಬರೆದರೆ ನಮ್ಮಂಥವರಿಗೆ ಏನು ತಿಳಿಯಬೇಕು? ಚರ್ಮದ ಎಂ.ಡಿ. ಮಾಡಿದವರು ಬೇರೆ, ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಮಾಡಿದವರು ಬೇರೆ, ಈ ಬೋರ್ಡು ಬೇರೆ ಎಂದು ನನಗೆ ಅರ್ಥವಾಗಿದ್ದೇ ಈ ಗಲಾಟೆ ಆದ ಮೇಲೆ.

ಇನ್ನು ರಾಜಿಯ ವಿಷಯ. ಅವಳ ಅಪ್ಪ ಮೊದಲು ಸಿಟ್ಟಾದರು. ಪೊಲೀಸ್ ಠಾಣೆಗೆ ಹೋದರು. ಡಾಕ್ಟರ ಮೇಲಿನ ಕೇಸಿಗೆ ಬೇರೆ ಡಾಕ್ಟರ ಅಭಿಪ್ರಾಯ ಬೇಕು ಎಂದರು ಅಲ್ಲಿ. ಅದು ಸರಿಯೇ ಇರಬಹುದು, 2005ರಲ್ಲಿ ಸುಪ್ರೀಂ ಕೋರ್ಟ್ ಹಾಗೆ ಹೇಳಿದೆ. ಗ್ರಾಹಕರ ನ್ಯಾಯಾಲಯಕ್ಕೆ ಹೋಗಿ ಎಂದು ಒಬ್ಬರು, ಬೆಂಗಳೂರಿನ ಪರಿಷತ್ತಿಗೆ ಬರೆಯಿರಿ ಎಂದು ಇನ್ನೊಬ್ಬರು ಹೇಳಿದರು. ಅಷ್ಟರಲ್ಲಿ ಮದುವೆಗೆ 19 ದಿನ ಉಳಿದಿತ್ತು. ಕ್ಲಿನಿಕ್ಕಿನ ಕಡೆಯಿಂದ ಇಬ್ಬರು ಹಿರಿಯರು ಮನೆಗೆ ಬಂದರು. ಹೆಣ್ಣುಮಗಳ ವಿಷಯ, ಪೇಪರಿನಲ್ಲಿ ಬಂದರೆ ನಿಮಗೇ ಕಷ್ಟ, ಗಂಡಿನ ಕಡೆಯವರಿಗೆ ಏನು ಹೇಳುತ್ತೀರಿ ಎಂದರು. ಕೊಟ್ಟ ದುಡ್ಡು ವಾಪಸ್, ಮೇಲೆ ಔಷಧಿ ಖರ್ಚು. ಬಾಂಡ್ ಪೇಪರನ್ನು ಅವರೇ ಟೈಪ್ ಮಾಡಿಸಿಕೊಂಡು ತಂದಿದ್ದರು. ಅಪ್ಪ ಸಹಿ ಹಾಕಿದರು. ನಾನು ಅವರನ್ನು ತಪ್ಪು ಅನ್ನುವುದಿಲ್ಲ. ಆ ಜಾಗದಲ್ಲಿ ನಾನಿದ್ದರೂ ಬಹುಶಃ ಹಾಕುತ್ತಿದ್ದೆ.

ಮದುವೆ ಆಯಿತು. ಮೇಕಪ್ ಮಾಡಿದ್ದು ನಾನೇ. ಇನ್ನೂ ಪೂರ್ತಿ ಮಾಯದ ಚರ್ಮಕ್ಕೆ ಫೌಂಡೇಶನ್ ಹಚ್ಚಬೇಕೋ ಬೇಡವೋ ಎಂದು ಆ ವೈದ್ಯೆಯನ್ನು ಕೇಳಿ, ಅವರು ಹೇಳಿದಷ್ಟೇ, ಬೆರಳ ತುದಿಯಿಂದ ಒತ್ತಿ ಒತ್ತಿ ಹಚ್ಚಿದೆ. ಅವಳು ಕನ್ನಡಿ ನೋಡಲಿಲ್ಲ. ನನ್ನ 22 ವರ್ಷದಲ್ಲಿ ಕನ್ನಡಿ ನೋಡದ ಮದುಮಗಳನ್ನು ನಾನು ನೋಡಿದ್ದು ಅವಳೊಬ್ಬಳನ್ನೇ.

ಆ ಕ್ಲಿನಿಕ್ ಒಂದು ದಿನವೂ ಮುಚ್ಚಲಿಲ್ಲ. ಅದೇ ಮಂಚ, ಅದೇ ಬಾಟಲಿ, ಅದೇ ಕೆಲಸದ ಹುಡುಗಿ ಹಚ್ಚುತ್ತಾಳೆ. ಯುಗಾದಿಗೆ ಆಫರ್ ಕೂಡ ಹಾಕಿದ್ದರು.

ಸ್ವಾಮಿ, ನಾನು ಹೇಳಬೇಕಾಗಿರುವುದು ಇದೊಂದೇ. ದುಡ್ಡು ವಾಪಸ್ ಕೊಟ್ಟಿದ್ದು ಆ ಮನೆಗೂ ಆ ಕ್ಲಿನಿಕ್ಕಿಗೂ ಇದ್ದ ಲೆಕ್ಕ. ಅದು ತೀರಿತು. ಆದರೆ ಆ ಡಾಕ್ಟರಿಗೆ ಈ ಕೆಲಸ ಬರುತ್ತದೋ ಇಲ್ಲವೋ ಅನ್ನುವುದು ಆ ಮನೆಯ ಪ್ರಶ್ನೆ ಅಲ್ಲ. ನಾಳೆ ಅದೇ ಮಂಚದ ಮೇಲೆ ಮಲಗುವವಳ ಪ್ರಶ್ನೆ. ಅವಳು ಯಾರೆಂದು ನಮಗೆ ಗೊತ್ತಿಲ್ಲ, ಅವಳ ಪರವಾಗಿ ಯಾವ ಅಪ್ಪನೂ ಸಹಿ ಹಾಕಿಲ್ಲ. ಅವಳಿಗೆ ಇರುವವರು ನೀವು ಮಾತ್ರ. ಮನೆಯವರು ರಾಜಿಯಾದರೂ, ದೂರು ವಾಪಸ್ ತೆಗೆದುಕೊಂಡರೂ, ದೂರನ್ನೇ ಕೊಡದಿದ್ದರೂ, ವಿಷಯ ನಿಮ್ಮ ಕಿವಿಗೆ ಬಿದ್ದರೆ ನೀವು ವಿಚಾರಿಸಬೇಕು.

ನಿಮ್ಮ ಕೈಯಲ್ಲಿ ಏನೂ ಇಲ್ಲ ಎಂದು ಹೇಳಬೇಡಿ. ತಂಗಿಯ ಮಗ ಎಲ್‌ಎಲ್‌ಬಿ ಓದುತ್ತಿದ್ದಾನೆ. ಅವನನ್ನು ಕೂರಿಸಿಕೊಂಡು ಅದೇ 2002ರ ನಿಯಮಗಳನ್ನು ಓದಿಸಿದೆ. ವೈದ್ಯರ ಮೇಲಿನ ದೂರು 6 ತಿಂಗಳಲ್ಲಿ ತೀರ್ಮಾನ ಆಗಬೇಕು ಎಂದಿದೆ. ವಿಚಾರಣೆ ಮುಗಿಯುವ ತನಕ, ಯಾವ ಚಿಕಿತ್ಸೆಯ ಮೇಲೆ ದೂರು ಬಂದಿದೆಯೋ ಆ ಚಿಕಿತ್ಸೆಯನ್ನು ಮಾತ್ರ ಮಾಡದಂತೆ ಪರಿಷತ್ತು ತಡೆಯಬಹುದು ಎಂದೂ ಇದೆ. ಆ ಸಾಲನ್ನು ನಾನು ಅವನ ಕೈಲಿ ಎರಡು ಸಲ ಓದಿಸಿದೆ. ಎಷ್ಟು ಒಳ್ಳೆಯ ಸಾಲು! ಡಾಕ್ಟರ ಹೊಟ್ಟೆಯ ಮೇಲೆ ಹೊಡೆಯುವುದಿಲ್ಲ. ಜ್ವರಕ್ಕೆ, ಕೆಮ್ಮಿಗೆ ಔಷಧಿ ಕೊಡುವುದನ್ನು ಅವರು ಮುಂದುವರಿಸಬಹುದು. ಬರದ ಕೆಲಸವನ್ನು ಮಾತ್ರ ನಿಲ್ಲಿಸಬೇಕು, ಅಷ್ಟೇ. ಪೀಲ್, ಲೇಸರ್, ಫಿಲ್ಲರ್, ಕೂದಲು ಕಸಿ ಯಾವುದೂ ತುರ್ತು ಚಿಕಿತ್ಸೆ ಅಲ್ಲ. ಆರು ತಿಂಗಳು ನಿಲ್ಲಿಸಿದರೆ ಯಾರ ಪ್ರಾಣವೂ ಹೋಗುವುದಿಲ್ಲ. ನಿಲ್ಲಿಸದಿದ್ದರೆ ಹೋಗಬಹುದು.

ಹೋಗಿಯೂ ಇದೆ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಿರುತೆರೆ ನಟಿ ಚೇತನಾ ರಾಜ್ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಗೆ ಹೋದವರು ಮನೆಗೆ ಬರಲಿಲ್ಲ. 21 ವರ್ಷ. ಅಪ್ಪ ಅಮ್ಮನಿಗೆ ಹೇಳದೆ ಹೋಗಿದ್ದರು ಎಂದು ಆಗ ಸುದ್ದಿ ಬಂದಿತ್ತು. ಅದನ್ನು ಓದಿ ಕೆಲವರು ಹುಡುಗಿಯನ್ನೇ ಬೈದರು. ನನ್ನ ಪಾರ್ಲರ್‌ಗೆ ಬರುವ ಹುಡುಗಿಯರಲ್ಲಿ ಅರ್ಧಕ್ಕರ್ಧ ಜನ ಏನು ಮಾಡಿಸಿದೆವೆಂದು ಮನೆಯಲ್ಲಿ ಹೇಳುವುದಿಲ್ಲ. ಬಣ್ಣದ ಬಗ್ಗೆ, ದಪ್ಪದ ಬಗ್ಗೆ ಮನೆಯಲ್ಲೇ ಮಾತು ಕೇಳಿ ಕೇಳಿ ಅಲ್ವಾ ಅವರು ಹೋಗುವುದು? ಕದ್ದು ಮಾಡಿಸಿಕೊಂಡವರು ಸುಟ್ಟರೂ ಕದ್ದೇ ಅಳುತ್ತಾರೆ. ಅವರಿಂದ ದೂರು ಬರಲಿ ಎಂದು ನೀವು ಕಾದರೆ ಬರುವುದಿಲ್ಲ.

ನಮ್ಮ ಊರು ಇನ್ನೊಂದನ್ನೂ ಕಂಡಿದೆ. 2024ರ ನವೆಂಬರ್‌ನಲ್ಲಿ ಇಲ್ಲಿ ಹೆರಿಗೆಗೆ ಹೋದ ತಾಯಂದಿರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಕೈಗೆ ಏರಿಸಿದ ಡ್ರಿಪ್ ಬಾಟಲಿಯ ಮೇಲೆ ಅನುಮಾನ ಬಂತು. ಇಡೀ ರಾಜ್ಯ ಬಳ್ಳಾರಿಯ ಕಡೆ ನೋಡಿತು, ಬಾಟಲಿ ಯಾವ ಕಂಪನಿಯದು, ಯಾರು ಪರೀಕ್ಷೆ ಮಾಡಿದರು ಎಂದು ಪ್ರಶ್ನೆಗಳೆದ್ದವು, ಅಧಿಕಾರಿಯ ಅಮಾನತು ಆಯಿತು. ಆ ಬಾಣಂತಿಯರ ಸಾವಿಗೆ ಒಂದು ಮುಖ ಸುಟ್ಟದ್ದನ್ನು ಹೋಲಿಸುತ್ತಿಲ್ಲ, ಹೋಲಿಸಬಾರದು. ಆದರೆ ಅಂದು ನಾವು ಕಲಿತದ್ದು ಒಂದು: ಒಳಗೆ ಹೋದದ್ದು ಏನು ಎಂದು ಕೇಳುವ ಹಕ್ಕು ನಮಗಿದೆ. ಇವತ್ತು ಇದೇ ಊರಲ್ಲಿ ಬೆಳ್ಳಗಾಗಲು ಗ್ಲುಟಾಥಯೋನ್ ಡ್ರಿಪ್ ಏರಿಸುತ್ತಾರೆ. ಬಣ್ಣಕ್ಕೆಂದು ಈ ಇಂಜೆಕ್ಷನ್ ಹಾಕುವುದು ಅಪಾಯ ಎಂದು ಫಿಲಿಪ್ಪೀನ್ಸ್ ದೇಶ 2011ರಲ್ಲೇ ಜನರಿಗೆ ಎಚ್ಚರಿಕೆ ಕೊಟ್ಟಿತ್ತು. ಇಲ್ಲಿ ಆ ಬಾಟಲಿ ಯಾರದು, ಎಷ್ಟು ಹಾಕಿದರು ಎಂದು ಕೇಳುವವರು ಯಾರು?

ಜಿಲ್ಲಾಧಿಕಾರಿಗಳೇ, ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಲ್ಲಿ ಜಿಲ್ಲೆಯ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರಕ್ಕೆ ನೀವೇ ಅಧ್ಯಕ್ಷರು. ಅಲೋಪತಿಗೆ ನೀಲಿ ಬೋರ್ಡು, ಆಯುರ್ವೇದಕ್ಕೆ ಹಸಿರು ಬೋರ್ಡು, ಮೇಲೆ ನೋಂದಣಿ ಸಂಖ್ಯೆ ಎಂದು 2024ರಲ್ಲಿ ಆರೋಗ್ಯ ಇಲಾಖೆ ಹೇಳಿತು. ಆ ಕ್ಲಿನಿಕ್ಕಿನ ಬೋರ್ಡೂ ನೀಲಿಯೇ. ಬೋರ್ಡಿನ ಬಣ್ಣ ನೋಡಿ ಬರುವುದರ ಜೊತೆಗೆ, ಒಳಗಿನ ಕೋಣೆಗೆ ಒಮ್ಮೆ ಹೋಗಿ ನೋಡಲು ನಿಮ್ಮವರಿಗೆ ಹೇಳಿ. ಆಸಿಡ್ ಹಚ್ಚುವವರು ಯಾರು, ಲೇಸರ್ ಹಿಡಿಯುವವರು ಯಾರು, ಯಾರಿಗಾದರೂ ಉಸಿರು ಕಟ್ಟಿದರೆ ಆಕ್ಸಿಜನ್ ಇದೆಯಾ. ಇಷ್ಟು ನೋಡಲು ಅರ್ಧ ಗಂಟೆ ಸಾಕು. ಪಾರ್ಲರ್‌ಗಳಿಗೂ ಬನ್ನಿ. ನಮ್ಮಲ್ಲೂ ತಪ್ಪು ಮಾಡುವವರಿದ್ದಾರೆ. ಪೀಲ್ ಕಿಟ್ ಮಾರುವ ಸೇಲ್ಸ್‌ನವರು ನನ್ನ ಅಂಗಡಿಗೂ ಬರುತ್ತಾರೆ, ಎಲ್ಲರೂ ಮಾಡ್ತಿದಾರೆ ಮೇಡಂ, ನೀವ್ಯಾಕೆ ಸುಮ್ನೆ ಬಿಡ್ತೀರಿ ಅನ್ನುತ್ತಾರೆ. ನಾನು ತೆಗೆದುಕೊಂಡಿಲ್ಲ. ತೆಗೆದುಕೊಂಡವರನ್ನು ಬಲ್ಲೆ.

ಪರಿಷತ್ತಿನವರಿಗೆ ಇನ್ನೆರಡು ಮಾತು. ನಿಮ್ಮ ಕಚೇರಿ ಬೆಂಗಳೂರಿನಲ್ಲಿದೆ. ಬಳ್ಳಾರಿಯವರಿಗೆ ಒಂದು ಹಾಜರಿ ಅಂದರೆ ಎರಡು ರಾತ್ರಿ ರೈಲು, ಒಂದು ದಿನದ ಕೂಲಿ ಹೋಯಿತು. ರಾಯಚೂರಿನವರಿಗೂ ಕೊಪ್ಪಳದವರಿಗೂ ಅಷ್ಟೇ. ಈ ಭಾಗದ ದೂರುಗಳನ್ನು ವರ್ಷಕ್ಕೆ ಕೆಲವು ಸಲವಾದರೂ ಬಳ್ಳಾರಿಯಲ್ಲಿ ಕೂತು ಕೇಳಿ. ಇಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜಿದೆ, ರಾಯಚೂರು ಕೊಪ್ಪಳದಲ್ಲೂ ಇವೆ. ಅಭಿಪ್ರಾಯ ಹೇಳಬಲ್ಲ ಚರ್ಮದ ವೈದ್ಯರು ಅಲ್ಲೆಲ್ಲಾ ಇದ್ದಾರೆ. ಮತ್ತೆ, ಕೊಟ್ಟ ತೀರ್ಪು ಕನ್ನಡದಲ್ಲಿ ಹೊರಗೆ ಬರಲಿ. ವೈದ್ಯರ ಹೆಸರನ್ನು ಪಟ್ಟಿಯಿಂದ ತೆಗೆದರೆ ಸ್ಥಳೀಯ ಪತ್ರಿಕೆಗಳಲ್ಲಿ ಪ್ರಚಾರ ಕೊಡಬೇಕೆಂದು ನಿಮ್ಮ ನಿಯಮದಲ್ಲೇ ಇದೆ. ನಾನು ದಿನಾ ಪೇಪರ್ ಓದುತ್ತೇನೆ, ಕಸ್ಟಮರ್‌ಗಳಿಗೆಂದು ಎರಡು ಪೇಪರ್ ಹಾಕಿಸುತ್ತೇನೆ. ಅಂಥ ಒಂದು ಸುದ್ದಿಯೂ ನನ್ನ ಕಣ್ಣಿಗೆ ಬಿದ್ದಿಲ್ಲ. ಪರಿಷತ್ತು ಶಿಕ್ಷೆ ಕೊಟ್ಟರೆ ವೈದ್ಯರು ದೆಹಲಿಯ ಮಂಡಳಿಗೆ ಮೇಲ್ಮನವಿ ಹೋಗಬಹುದೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ 2019ರ ಕಾಯ್ದೆ ಹೇಳುತ್ತದೆ. ನೊಂದ ರೋಗಿಯ ಹೆಸರನ್ನು ಆ ಸಾಲು ಎತ್ತುವುದೇ ಇಲ್ಲ. ಹಾಗಿರುವಾಗ ನಾವು ನಂಬಿರುವುದು ನಿಮ್ಮ ಬಾಗಿಲನ್ನೇ. ಅದನ್ನು ಅರ್ಧ ಮುಚ್ಚಬೇಡಿ.

ಇದನ್ನು ಓದುವ ಒಳ್ಳೆಯ ವೈದ್ಯರು ಬೇಸರ ಮಾಡಿಕೊಳ್ಳಬಾರದು. ಸರ್ಕಾರಿ ಆಸ್ಪತ್ರೆಯ ಆ ವೈದ್ಯೆ ಇಲ್ಲದಿದ್ದರೆ ಆ ಹುಡುಗಿ ಏನಾಗುತ್ತಿದ್ದಳೋ. ಪ್ರತಿ ತಿಂಗಳು ತೋರಿಸಲು ಹೋಗುತ್ತಾಳೆ. ಸ್ಟೀರಾಯ್ಡ್ ಕ್ರೀಮು ಹಚ್ಚಿ ಬೇಗ ಬೆಳ್ಳಗಾಗುವ ಆಸೆಗೆ ಬೀಳಬೇಡ, ನಿಧಾನ ಆಗಲಿ, ಬಿಸಿಲಿಗೆ ಕೊಡೆ ಹಿಡಿ ಎಂದು ಅವರು ಪ್ರತಿ ಸಲವೂ ಹೇಳುತ್ತಾರೆ. ಹತ್ತು ವರ್ಷ ಓದಿ, ಸರದಿಯಲ್ಲಿ ನಿಂತ ನೂರು ಜನರನ್ನು ನೋಡುವ ಅವರಿಗೂ, ಎರಡು ದಿನದ ಸರ್ಟಿಫಿಕೇಟಿನವರಿಗೂ ನಿಮ್ಮ ಪಟ್ಟಿಯಲ್ಲಿ ಒಂದೇ ಮರ್ಯಾದೆ. ಅವರಿಗಾಗಿಯಾದರೂ ವಿಚಾರಣೆ ಮಾಡಿ.

ಆ ಹುಡುಗಿಯ ಹೆಸರು, ಕ್ಲಿನಿಕ್ಕಿನ ಹೆಸರು ಇಲ್ಲಿ ಬರೆದಿಲ್ಲ. ಅವಳನ್ನು ಕೇಳದೆ ಬರೆಯುವುದು ನನಗೆ ಸರಿ ಕಾಣಲಿಲ್ಲ. ಹೋದ ವಾರ ಹುಬ್ಬು ತೀಡಿಸಲು ಬಂದಿದ್ದಳು, ಈ ಪತ್ರದ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಅವ್ರು ಕರದ್ರೆ ನಾ ಬರ್ತೀನಿ ಅಕ್ಕಾ, ಅಪ್ಪನ ಸಹಿ ಅಪ್ಪಂದು" ಅಂದಳು. ಅವತ್ತು ಬೆಳಿಗ್ಗೆ ಶಟರ್ ಮುಂದೆ ತೆಗೆದ ಫೋಟೋಗಳು ತಾರೀಖಿನ ಸಮೇತ ನನ್ನ ಫೋನಿನಲ್ಲಿವೆ. ಬಿಲ್ಲಿನ ಜೆರಾಕ್ಸ್ ಇದೆ, ಆಸ್ಪತ್ರೆಯ ಚೀಟಿಗಳಿವೆ. ಮಂಗಳವಾರ ನನ್ನ ಪಾರ್ಲರ್‌ಗೆ ರಜೆ. ನೀವು ಒಂದು ಮಂಗಳವಾರ ಕರೆಯಿರಿ. ಸೋಮವಾರ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಇಬ್ಬರೂ ಬರುತ್ತೇವೆ.

ಇಂತಿ,
ಬಳ್ಳಾರಿಯಲ್ಲಿ ಪಾರ್ಲರ್ ನಡೆಸುವ ಒಬ್ಬ ಹೆಣ್ಣುಮಗಳು